ಪಥ್ಯಕ್ಕೂ ಒಂದು ಕೊನೆಯ ದಿನ ಇರಲಿ

ಐಬಿಎಸ್ ಎಂಬ ಕರುಳಿನ ತೊಂದರೆ ಇದೆ ಎಂದು ಗೊತ್ತಾದ ಮೇಲೆ ನಮ್ಮಲ್ಲಿ ಮೊದಲು ಶುರುವಾಗುವುದು ಬಿಡುವ ಕೆಲಸ. ಒಬ್ಬರು ಹಾಲು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಬೇಳೆ, ಮತ್ತೊಬ್ಬರು ಗೋಧಿ. ಹೇಳಿದ್ದನ್ನೆಲ್ಲ ಬಿಡುತ್ತಾ ಹೋದರೆ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಗಂಜಿ ಮತ್ತು ಉಪ್ಪು. ನನ್ನ ಸಹೋದ್ಯೋಗಿಯೊಬ್ಬರು ವರ್ಷಗಳಿಂದ ಹೀಗೇ ಉಣ್ಣುತ್ತಿದ್ದಾರೆ. ಮದುವೆ ಮನೆಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಬಿಟ್ಟದ್ದನ್ನು ಯಾವಾಗ ಮತ್ತೆ ತಿನ್ನಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಾನು ತಿಪಟೂರು ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೆಳಗಿನ ಬಸ್ಸು, ಪಿರಿಯಡ್ ಮುಗಿಯುವ ಗಂಟೆ, ಶಿಕ್ಷಕಿಯರಿಗೆಲ್ಲ ಸೇರಿ ಇರುವ ಒಂದೇ ಶೌಚಾಲಯ: ಈ ಕಾಯಿಲೆ ಇದ್ದವರ ದಿನವೆಲ್ಲ ಇವುಗಳ ಸುತ್ತಲೇ ಸುತ್ತುತ್ತದೆ. ರಿಪೋರ್ಟುಗಳೆಲ್ಲ ನಾರ್ಮಲ್ ಬರುವುದರಿಂದ ಮನೆಯವರು ಬರೀ ಟೆನ್ಷನ್ ಎಂದು ತಳ್ಳಿಹಾಕುತ್ತಾರೆ. ಆದರೆ ನೋವು ನಿಜ. ಕರುಳು ಮತ್ತು ಮಿದುಳಿನ ನಡುವಿನ ಸಂವಹನ ಏರುಪೇರಾಗಿ, ಕರುಳಿನ ನರಗಳು ಅತಿಸೂಕ್ಷ್ಮವಾಗಿರುತ್ತವೆ. ಬೇರೆಯವರ ಗಮನಕ್ಕೇ ಬಾರದಷ್ಟು ಗ್ಯಾಸ್ ನಮ್ಮನ್ನು ಹಿಂಡಿಹಾಕುತ್ತದೆ.

ಊಟದ ಪಾತ್ರ ಬರುವುದು ಈ ಹಂತದಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯ ಫ್ರಕ್ಟಾನ್, ಹಾಲಿನ ಲ್ಯಾಕ್ಟೋಸ್, ಬೇಳೆಕಾಳುಗಳಲ್ಲಿನ ಕೆಲವು ಸಕ್ಕರೆಗಳು, ಇವನ್ನೆಲ್ಲ ಸಣ್ಣ ಕರುಳು ಪೂರ್ತಿ ಹೀರಿಕೊಳ್ಳದೇ ಹೋಗಬಹುದು. ಉಳಿದದ್ದು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಇವುಗಳಿಗೆ ಒಟ್ಟಾಗಿ ಫಾಡ್‌ಮ್ಯಾಪ್ ಎಂಬ ಹೆಸರಿಟ್ಟರು. ಈ ಪಥ್ಯಕ್ಕೆ ಮೂರು ಹಂತ. 2ರಿಂದ 6 ವಾರ ಇವನ್ನು ಕಡಿಮೆ ಮಾಡುವುದು, ನಂತರ ಒಂದೊಂದನ್ನೇ ಮರಳಿ ತಿಂದು ನೋಡುವುದು, ಕೊನೆಗೆ ಒಗ್ಗಿದ್ದನ್ನೆಲ್ಲ ಊಟಕ್ಕೆ ಸೇರಿಸಿಕೊಳ್ಳುವುದು. ನಮ್ಮೂರುಗಳಿಗೆ ತಲುಪಿರುವುದು ಮೊದಲನೆಯದು ಮಾತ್ರ.

ಆ ಮೊದಲ ಹಂತವೂ ರುಚಿಗೆಟ್ಟ ಊಟವಾಗಬೇಕಿಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾರಿನಲ್ಲಿ ಬೆಂದ ಬೆಳ್ಳುಳ್ಳಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟರೆ ಪ್ರಯೋಜನವಿಲ್ಲ, ಅದರ ಫ್ರಕ್ಟಾನ್ ಆಗಲೇ ಸಾರಿಗೆ ಇಳಿದಿರುತ್ತದೆ. ಅದೇ ಎಸಳುಗಳನ್ನು ಜಜ್ಜದೆ ಬಿಸಿ ಎಣ್ಣೆಗೆ ಹಾಕಿ, ಹೊಂಬಣ್ಣಕ್ಕೆ ತಿರುಗುತ್ತಲೇ ಒಂದೂ ಬಿಡದೆ ಎತ್ತಿ, ಆ ಎಣ್ಣೆಯಲ್ಲೇ ಸಾಸಿವೆ, ಕರಿಬೇವಿನ ಒಗ್ಗರಣೆ ಮಾಡಿದರೆ ಘಮ ಉಳಿಯುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ. ನನ್ನ ಅಡುಗೆಮನೆಯಲ್ಲಿ ದಿನವೂ ನಡೆಯುವುದು ಇದೇ. ಉಪ್ಪಿಟ್ಟಿನ ಜಾಗಕ್ಕೆ ಅವಲಕ್ಕಿ ಬಂದಿದೆ, ಏಕೆಂದರೆ ರವೆಯೂ ಗೋಧಿಯದೇ.

ಹೆಚ್ಚು ತಾಳ್ಮೆ ಬೇಕಾಗುವುದು ಎರಡನೆಯ ಹಂತಕ್ಕೆ. ಒಂದೇ ಸಲಕ್ಕೆ ನಾಲ್ಕು ಚರಾಕ್ಷರಗಳ ಬೆಲೆ ಬದಲಿಸಿದರೆ ಉತ್ತರ ಬದಲಾದದ್ದು ಯಾವುದರಿಂದ ಎಂದು ನನ್ನ ಯಾವ ವಿದ್ಯಾರ್ಥಿಯೂ ಹೇಳಲಾರ. ಹಾಗಾಗಿ ಒಮ್ಮೆಗೆ ಒಂದೇ ಆಹಾರ, ಮೂರು ದಿನ, ಪ್ರಮಾಣ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ. ಹೀಗೆ ನೋಡಿದಾಗ ನನಗೆ ಹಾಲು ಒಗ್ಗಿತು. ತೊಗರಿಬೇಳೆ ಒಂದು ಸೌಟು ಒಗ್ಗಿತು, ಎರಡಾದರೆ ಉಬ್ಬರ. ಈರುಳ್ಳಿ ಆಗಲೇ ಇಲ್ಲ. ಇದೇ ತೊಂದರೆ ಇರುವ ನನ್ನ ತಂಗಿಗೆ ಈರುಳ್ಳಿ ಸರಿಹೋಯಿತು, ಹಾಲು ಆಗಲಿಲ್ಲ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಡ.

ಮಾಧ್ವರ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ ವರ್ಜ್ಯ. ಅದು ವ್ರತ, ಚಿಕಿತ್ಸೆಯಲ್ಲ. ಆದರೆ ತಿಂಗಳು ಮುಗಿದೊಡನೆ ಬಿಟ್ಟದ್ದು ಎಲೆಗೆ ಮರಳುತ್ತದೆ. ಗಡುವಿಟ್ಟು ಬಿಡುವುದು ನಮಗೆ ಹೊಸದೇನಲ್ಲ. ಗಡುವಿಲ್ಲದೆ ಬಿಟ್ಟರೆ ನಷ್ಟ ದೊಡ್ಡದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಈ ಫಾಡ್‌ಮ್ಯಾಪ್‌ಗಳೇ ಆಹಾರ. ಸಸ್ಯಾಹಾರಿ ಮನೆಯಲ್ಲಿ ಹಾಲು, ಬೇಳೆ ಎರಡೂ ಹೋದರೆ ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲಿಂದ ಬರಬೇಕು?

ಏನನ್ನಾದರೂ ಬಿಡುವ ಮೊದಲು ವೈದ್ಯರನ್ನು ಕಾಣಲೇಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವನ್ನು ಐಬಿಎಸ್ ಎಂದುಕೊಂಡು ಕೂರಬಾರದು. ಗೋಧಿಯಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ರೋಗದ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದೂ ಇಲ್ಲ ಎಂದು ಬರಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಡಯಟೀಷಿಯನ್ ಸಿಗಲಿ. ಅವರು ಕೊಡುವ ಚಾರ್ಟಿನಲ್ಲಿ ಓಟ್ಸ್, ಕಿನೋವಾ ಬದಲು ನಮ್ಮ ಹುಳಿ, ಸಾರು, ರೊಟ್ಟಿಗಳ ಹೆಸರಿರಲಿ. ಇದು ಬೇಡ ಎಂದು ಬರೆಯುವ ವೈದ್ಯರು ಮತ್ತೆ ತಿಂದು ನೋಡಬೇಕಾದ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆಯಲಿ. ಬರೆಯದಿದ್ದರೆ, ಎದ್ದು ಬರುವ ಮೊದಲು ನಾವೇ ಕೇಳೋಣ: ಈ ಪಥ್ಯ ಯಾವತ್ತಿನವರೆಗೆ?