ಸರ್ಕಾರ ಕೊಂಡದ್ದೇ ದೇಶದ ಊಟ

ಭಾರತದಲ್ಲಿ ಆಹಾರದ ಹೊಣೆ ಐದಾರು ಸಚಿವಾಲಯಗಳಲ್ಲಿ ಹಂಚಿಹೋಗಿದೆ. ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಕೃಷಿ ಸಚಿವಾಲಯದ ಅಡಿಯಲ್ಲಿದೆ. ಧಾನ್ಯ ಕೊಂಡು ಪಡಿತರಕ್ಕೆ ಕೊಡುವ ಭಾರತೀಯ ಆಹಾರ ನಿಗಮ ಇನ್ನೊಂದು ಸಚಿವಾಲಯದ್ದು. ಶಾಲೆಯ ಬಿಸಿಯೂಟ ಶಿಕ್ಷಣ ಇಲಾಖೆಗೆ ಸೇರಿದರೆ ಅಂಗನವಾಡಿಯ ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದೆ. ತಿಂದದ್ದು ಸುರಕ್ಷಿತವೇ ಎಂದು ನೋಡುವ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಆರೋಗ್ಯ ಸಚಿವಾಲಯದ ಕೈಯಲ್ಲಿದೆ. ರೈತನ ಆದಾಯ, ಜನರ ಆರೋಗ್ಯ ಮತ್ತು ಊಟದ ಸುರಕ್ಷತೆಯನ್ನು ಒಟ್ಟಿಗೆ ತೂಗಿ ನೋಡುವ ರಾಷ್ಟ್ರೀಯ ಆಹಾರ ನೀತಿ ಎಂಬುದು ಇಲ್ಲ. ಈ ಕೊರತೆಗೆ ಬೆಲೆ ತೆರುತ್ತಿರುವವರು ಒಣಬೇಸಾಯದ ರೈತರು ಮತ್ತು ಬಡವರ ಮಕ್ಕಳು.

ಈಗಿನ ವ್ಯವಸ್ಥೆ ಹುಟ್ಟಿದ್ದು ಹಸಿವಿನ ಭಯದಲ್ಲಿ, ಮತ್ತು ಆ ಭಯಕ್ಕೆ ಕಾರಣವಿತ್ತು. 1943ರ ಬಂಗಾಳದ ಕ್ಷಾಮ ಜನರ ನೆನಪಿನಿಂದ ಮಾಸಿರಲಿಲ್ಲ. ಅರವತ್ತರ ದಶಕದ ನಡುವೆ ಸತತವಾಗಿ ಮಳೆ ಕೈಕೊಟ್ಟಾಗ ದೇಶ ಅಮೆರಿಕದ ಪಿಎಲ್-480 ಯೋಜನೆಯ ಗೋಧಿ ಹಡಗುಗಳಿಗಾಗಿ ಕಾಯಬೇಕಾಯಿತು. 1965ರಲ್ಲಿ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಕೆಲಸ ಶುರುಮಾಡಿದವು. ಆಗಿನ ಕೃಷಿ ಸಚಿವ ಸಿ. ಸುಬ್ರಮಣಿಯಂ ಅವರ ರಾಜಕೀಯ ಧೈರ್ಯ, ಎಂ.ಎಸ್. ಸ್ವಾಮಿನಾಥನ್ ಮತ್ತವರ ಸಂಗಡಿಗರ ವಿಜ್ಞಾನ, ಪಂಜಾಬಿನ ರೈತರ ಶ್ರಮ ಸೇರಿ ಗೋಧಿ ಮತ್ತು ಭತ್ತದ ಕಣಜ ತುಂಬಿತು. ಆ ಸಾಧನೆಯನ್ನು ಹಗುರವಾಗಿ ಕಾಣುವವರು ಹಸಿವನ್ನು ಕಂಡವರಲ್ಲ. ಆದರೆ ತುರ್ತಿಗಾಗಿ ಆರಿಸಿಕೊಂಡ ಎರಡು ಧಾನ್ಯಗಳು ಅರವತ್ತು ವರ್ಷದ ಮೇಲೂ ದೇಶದ ಏಕೈಕ ಆಹಾರ ಚಿಂತನೆಯಾಗಿ ಉಳಿದಿರುವುದು ಸಾಧನೆಯಲ್ಲ.

ಕೇಂದ್ರ ಸರ್ಕಾರ 22 ಬೆಳೆಗಳಿಗೆ ಬೆಂಬಲ ಬೆಲೆ ಘೋಷಿಸುತ್ತದೆ. ಘೋಷಣೆಯ ಹಿಂದೆ ಭರವಸೆಯ ಖರೀದಿ ಇರುವುದು ಮುಖ್ಯವಾಗಿ ಭತ್ತ ಮತ್ತು ಗೋಧಿಗೆ, ಅದೂ ಕೆಲವೇ ರಾಜ್ಯಗಳಲ್ಲಿ. ಆಹಾರ ನಿಗಮದ ಪುನರ್‌ರಚನೆ ಕುರಿತು ಶಾಂತಕುಮಾರ್ ಸಮಿತಿ 2015ರಲ್ಲಿ ಕೊಟ್ಟ ವರದಿ, ಬೆಂಬಲ ಬೆಲೆಗೆ ಖರೀದಿ ಸಂಸ್ಥೆಗಳಿಗೆ ಮಾರಲು ಸಾಧ್ಯವಾಗುವುದು ಶೇ 6ರಷ್ಟು ರೈತರಿಗೆ ಮಾತ್ರ ಎಂದಿತು. ಉಳಿದವರಿಗೆ ಬೆಂಬಲ ಬೆಲೆ ಪತ್ರಿಕೆಯಲ್ಲಿ ಓದುವ ಅಂಕಿಯಷ್ಟೆ.

ರಾಗಿಯನ್ನೇ ನೋಡಬಹುದು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವುದು ಕರ್ನಾಟಕ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯ ಅವರು ನಾಟಿ ರಾಗಿಯನ್ನು ಆಫ್ರಿಕಾದ ತಳಿಗಳೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಗಣನೀಯವಾಗಿ ಏರಿತು, ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಅಂದರೆ ಈ ಬೆಳೆಗೆ ವಿಜ್ಞಾನದ ಕೊರತೆ ಇರಲಿಲ್ಲ, ರೈತರ ಆಸಕ್ತಿಯ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಖರೀದಿಯಲ್ಲಿ. ಕೇಂದ್ರದ ನಿಯಮದಂತೆ ರಾಜ್ಯ ಮೊದಲು ಖರೀದಿ ಯೋಜನೆಗೆ ಒಪ್ಪಿಗೆ ಪಡೆಯಬೇಕು, ಮಿತಿಯೊಳಗೆ ಕೊಳ್ಳಬೇಕು, ಕೊಂಡದ್ದನ್ನು ನಿಗದಿತ ಅವಧಿಯಲ್ಲಿ ಪಡಿತರದಲ್ಲಿ ಹಂಚಿ ಮುಗಿಸಬೇಕು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯಕ್ಕೆ 2021ರ ಕೊನೆಯವರೆಗೂ ಕೊಟ್ಟಿದ್ದು ಕೆಲವೇ ತಿಂಗಳ ಗಡುವು. ಆಮೇಲೆ ಅದನ್ನು ಹತ್ತು ತಿಂಗಳಿಗೆ ಏರಿಸಲಾಯಿತು. 2022ರ ಆರಂಭದಲ್ಲಿ ಖರೀದಿಯನ್ನು ಸಣ್ಣ ಹಿಡುವಳಿದಾರರಿಗೆ, ಅದೂ ತಲಾ 20 ಕ್ವಿಂಟಲ್‌ಗೆ ಸೀಮಿತಗೊಳಿಸಿದಾಗ ಹಾಸನದ ಕಡೆಯ ರೈತರು ಪ್ರತಿಭಟನೆಗಿಳಿದರು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,377 ರೂಪಾಯಿ. ನೋಂದಣಿ ಸಿಗದವರು ಒಕ್ಕಣೆ ಮುಗಿಸಿದ ರಾಗಿಯನ್ನು ಅದಕ್ಕಿಂತ ಕಡಿಮೆಗೆ ದಲ್ಲಾಳಿಗೆ ಸುರಿದು ಬಂದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿತು, ಅದಕ್ಕೆ ಪ್ರಸ್ತಾವ ಸಲ್ಲಿಸಿದ್ದೇ ಭಾರತ. 2025-26ಕ್ಕೆ ರಾಗಿಯ ಬೆಂಬಲ ಬೆಲೆ 4,886 ರೂಪಾಯಿಗೆ ಏರಿತು, ಸಾಮಾನ್ಯ ಭತ್ತದ್ದು 2,369 ಇತ್ತು. ಬೆಲೆಯಲ್ಲಿ ರಾಗಿ ಎರಡು ಪಟ್ಟು ಮುಂದಿದೆ. ಬೆಳೆದವನ ಚೀಲವನ್ನು ಮಿತಿಯಿಲ್ಲದೆ ತೂಗುತ್ತೇವೆ ಎಂಬ ಭರವಸೆ ಇಲ್ಲದಿದ್ದರೆ ಆ ಬೆಲೆಯಿಂದ ಹೊಲ ಬದಲಾಗದು.

ಕಲಬುರಗಿಯ ತೊಗರಿಯ ಕಥೆ ಇನ್ನೂ ಕಹಿ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬೆಳೆ ಅದು. ದೇಶದ ಬಡವರಿಗೆ ಕಡಿಮೆ ಬೀಳುತ್ತಿರುವುದು ಇಂಥ ಬೇಳೆ ಕೊಡುವ ಪ್ರೋಟೀನೇ. ಇಷ್ಟಿದ್ದರೂ ಮಾರುಕಟ್ಟೆಯಲ್ಲಿ ಬೇಳೆಯ ದರ ಸ್ವಲ್ಪ ಏರಿದೊಡನೆ ಸುಂಕವಿಲ್ಲದ ಆಮದಿಗೆ ಬಾಗಿಲು ತೆರೆಯುತ್ತದೆ. ಮೊಜಾಂಬಿಕ್ ಜೊತೆ ವರ್ಷಕ್ಕೆ 2 ಲಕ್ಷ ಟನ್ ತೊಗರಿಯ ಒಪ್ಪಂದವಾಗಿತ್ತು, ಮ್ಯಾನ್ಮಾರ್‌ನಿಂದಲೂ ತೊಗರಿ ಬರುತ್ತದೆ. 2024-25ರಲ್ಲಿ ಬೆಂಬಲ ಬೆಲೆ 7,550 ರೂಪಾಯಿ ಇದ್ದಾಗ, ಕೊಯ್ಲಿನ ಹೊತ್ತಿಗೆ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಪಟ್ಟಣದ ಗ್ರಾಹಕನನ್ನು ಸಮಾಧಾನಪಡಿಸಲು ಬೆಳೆಗಾರನ ಆದಾಯ ಕತ್ತರಿಸುವ ಈ ಪದ್ಧತಿಯನ್ನು ಯಾವ ನೀತಿಯೂ ಬಹಿರಂಗವಾಗಿ ಒಪ್ಪಿಕೊಂಡಿಲ್ಲ. ಆದರೆ ಹಲವು ಸುಗ್ಗಿಗಳಲ್ಲಿ ನಡೆಯುವುದು ಅದೇ.

ಇತ್ತ ಅಕ್ಕಿ ಗೋದಾಮಿನಲ್ಲಿ ಉಕ್ಕುತ್ತಿದೆ. 2023ರ ಜೂನ್‌ನಲ್ಲಿ ಕರ್ನಾಟಕ ತನ್ನ ಉಚಿತ ಅಕ್ಕಿಯ ಅನ್ನಭಾಗ್ಯ ಯೋಜನೆಗೆಂದು ಹೆಚ್ಚುವರಿ ಅಕ್ಕಿ ಕೇಳಿದಾಗ ಕೇಂದ್ರ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ರಾಜ್ಯ ಕಿಲೋಗೆ 34 ರೂಪಾಯಿಯಂತೆ ನಗದನ್ನು ಫಲಾನುಭವಿಗಳ ಖಾತೆಗೆ ಹಾಕಿತು. ಒಂದೂವರೆ ವರ್ಷ ಕಳೆದಿತ್ತಷ್ಟೇ, 2025ರ ಜನವರಿಯಲ್ಲಿ ಅದೇ ಆಹಾರ ನಿಗಮದ ಅಕ್ಕಿ ಕಿಲೋಗೆ 22.50 ರೂಪಾಯಿಯಂತೆ ಎಥೆನಾಲ್ ಕಾರ್ಖಾನೆಗಳಿಗೆ ಹೊರಟಿತು. ನಿಗಮಕ್ಕೆ ಅದರ ಪೂರ್ಣ ವೆಚ್ಚ ಕಿಲೋಗೆ ಸುಮಾರು 40 ರೂಪಾಯಿ. ಅಂತರ್ಜಲ ಬತ್ತಿಸಿ, ಉಚಿತ ವಿದ್ಯುತ್ತಿನಲ್ಲಿ ನೀರೆತ್ತಿ, 45 ಕಿಲೋ ಚೀಲಕ್ಕೆ 242 ರೂಪಾಯಿಯ ಸಬ್ಸಿಡಿ ಯೂರಿಯಾ ಸುರಿದು ಬೆಳೆದ ಅನ್ನವನ್ನು ನಷ್ಟಕ್ಕೆ ಮಾರಿ ವಾಹನದ ಟ್ಯಾಂಕಿಗೆ ಹಾಕುವುದು ತಪ್ಪು. ಕೇಂದ್ರದ ಆಹಾರ ಸಬ್ಸಿಡಿ ವರ್ಷಕ್ಕೆ ಸುಮಾರು 2 ಲಕ್ಷ ಕೋಟಿ ರೂಪಾಯಿ. ಅಷ್ಟು ದೊಡ್ಡ ಖರೀದಿದಾರ ಏನು ಕೊಳ್ಳುತ್ತಾನೋ ದೇಶ ಅದನ್ನೇ ಬೆಳೆಯುತ್ತದೆ, ಅದನ್ನೇ ಉಣ್ಣುತ್ತದೆ.

ಉಂಡದ್ದರ ಫಲ ಆರೋಗ್ಯದ ಅಂಕಿಗಳಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿತು. ಅದೇ ಅಧ್ಯಯನದ ಮುಂದಿನ ಭಾಗ, ಭಾರತೀಯರು ಪಡೆಯುವ ಕ್ಯಾಲೊರಿಯಲ್ಲಿ ಸುಮಾರು ಶೇ 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಎಂದಿತು. ಒಂದೇ ಮನೆಯಲ್ಲಿ ಮಗುವಿಗೆ ಅಪೌಷ್ಟಿಕತೆ, ಅಜ್ಜಿಗೆ ಸಕ್ಕರೆ ಕಾಯಿಲೆ. ಎರಡಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಾರ್ಯಕ್ರಮ. ಆ ಮನೆಗೆ ಬರುವ ಪಡಿತರ ಮಾತ್ರ ಒಂದೇ.

ಈ ಸಂಕಟಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಸಾರವರ್ಧಿತ ಅಕ್ಕಿ. ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-12 ಸೇರಿಸಿ ಯಂತ್ರದಲ್ಲಿ ತಯಾರಿಸಿದ ಒಂದು ಕಾಳನ್ನು ನೂರು ಕಾಳು ಅಕ್ಕಿಗೆ ಬೆರೆಸುವ ಯೋಜನೆ ಇದು. 2021ರ ಸ್ವಾತಂತ್ರ್ಯ ದಿನದಂದು ಘೋಷಣೆಯಾಗಿ, 2024ರಲ್ಲಿ ಸಂಪುಟ ಇದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಿತು. ಅಂದಾಜು ವೆಚ್ಚ 17,082 ಕೋಟಿ ರೂಪಾಯಿ. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು ಇರುವವರಿಗಾಗಿ ಚೀಲದ ಮೇಲೆ ಇರಬೇಕಿದ್ದ ಎಚ್ಚರಿಕೆಯನ್ನು 2024ರಲ್ಲೇ ತೆಗೆಯಲಾಯಿತು. ಎಚ್ಚರಿಕೆಗೆ ಸಾಕಷ್ಟು ಪುರಾವೆ ಇಲ್ಲ ಎಂದು ತಜ್ಞರ ಸಮಿತಿ ಹೇಳಿತು. ಚಾಮರಾಜನಗರದ ಸೋಲಿಗರಂಥ ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ. ಪಡಿತರ ಬಿಟ್ಟು ಬೇರೆ ಅಕ್ಕಿ ಕೊಳ್ಳುವ ಶಕ್ತಿ ಇಲ್ಲದವರಿಗೆ ಕನಿಷ್ಠ ತಿಳಿದುಕೊಳ್ಳುವ ಹಕ್ಕಾದರೂ ಇರಬೇಕಿತ್ತು. ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯದು. ನೂರು ಗ್ರಾಂ ರಾಗಿಯಲ್ಲಿ 4 ಮಿಲಿಗ್ರಾಂಗೂ ಮೀರಿ ಕಬ್ಬಿಣಾಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದ್ದರೆ ಅಕ್ಕಿಯಲ್ಲಿ ಹತ್ತಕ್ಕಿಂತ ಕಡಿಮೆ. ರಾಗಿಯ ಕಬ್ಬಿಣಾಂಶವೆಲ್ಲ ಮೈಗೆ ಹತ್ತುವುದಿಲ್ಲ ಎಂಬ ಆಕ್ಷೇಪ ನಿಜ. ಮೊಳಕೆ ಕಟ್ಟಿ ಹುರಿಹಿಟ್ಟು, ಮಾಲ್ಟ್ ಮಾಡುವ ಮನೆಗಳು ಅದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿವೆ. ಆ 17,082 ಕೋಟಿಯ ಒಂದು ಪಾಲು ರಾಗಿ, ಜೋಳ, ಬೇಳೆಯ ಖರೀದಿಗೆ ಹೋಗಿದ್ದರೆ ಅದು ಹಳ್ಳಿಗೆ ಆದಾಯವಾಗಿಯೂ ತಲುಪುತ್ತಿತ್ತು.

ಅಂಗಡಿಯ ಪೊಟ್ಟಣದ ಮೇಲೆ ಯಾವ ಗುರುತು ಇರಬೇಕೆಂಬ ಜಗಳವೂ ಇದೇ ಕೊರತೆಯ ಭಾಗ. ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರಕಟಿಸಿದ ಕರಡು ಪೊಟ್ಟಣಗಳಿಗೆ ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ಸೂಚಿಸಿತು. ಉಪ್ಪು, ಸಕ್ಕರೆ ತುಂಬಿದ ತಿನಿಸು ಒಂದಿಷ್ಟು ನಾರು, ಒಂದಿಷ್ಟು ಬೀಜ ಸೇರಿಸಿಕೊಂಡು ನಕ್ಷತ್ರ ಗಳಿಸಬಹುದಾದ ಲೆಕ್ಕಾಚಾರ ಅದು. ಓದು ಬಾರದ ತಾಯಿಗೆ ಎರಡು ನಕ್ಷತ್ರವೂ ಹೊಗಳಿಕೆಯಂತೆಯೇ ಕಾಣುತ್ತದೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ಪದಾರ್ಥಗಳಿಗೆ ಎಂಟು ಮೂಲೆಯ ಕಪ್ಪು ಗುರುತು ಕಡ್ಡಾಯ ಮಾಡಿ, ಮಕ್ಕಳನ್ನು ಗುರಿಯಾಗಿಸುವ ಜಾಹೀರಾತಿಗೆ ಕಡಿವಾಣ ಹಾಕಿತು. ಅಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ 24 ಇಳಿದದ್ದು ಅಧ್ಯಯನದಿಂದ ಗೊತ್ತಾಯಿತು. ನಮ್ಮ ಸಿಹಿತಿಂಡಿ, ಉಪ್ಪಿನಕಾಯಿಗಳಿಗೂ ಕಪ್ಪು ಗುರುತು ಬಿದ್ದೀತು ಎಂದು ಉದ್ಯಮ ಹೆದರಿಸುತ್ತದೆ. ಬೀಳಲಿ. ಹಬ್ಬದ ದಿನ ಹೋಳಿಗೆ ತಿನ್ನುವವರು ಅದರಲ್ಲಿ ಬೆಲ್ಲವಿದೆ ಎಂದು ತಿಳಿದೇ ತಿನ್ನುತ್ತಾರೆ. ‘ಆರೋಗ್ಯ ಪೇಯ’ ಎಂದು ನಂಬಿ ಮಗುವಿಗೆ ದಿನವೂ ಸಕ್ಕರೆ ಕುಡಿಸಿದ ತಾಯಂದಿರಿಗೆ ಅದು ತಿಳಿದಿರಲಿಲ್ಲ. ಆ ಹೆಸರನ್ನು ಅಂತರ್ಜಾಲ ಮಾರಾಟ ತಾಣಗಳಿಂದ ತೆಗೆಯಿರಿ ಎಂದು ಸರ್ಕಾರ ಹೇಳಿದ್ದು 2024ರ ಏಪ್ರಿಲ್‌ನಲ್ಲಿ.

ಸುರಕ್ಷತೆಯ ಮಾತು ಬಂದಾಗ ಇಲಾಖೆಗಳ ಕಣ್ಣು ಬೀದಿಬದಿಯ ಗಾಡಿಯ ಮೇಲೆ ಮೊದಲು ಬೀಳುತ್ತದೆ. ಕರ್ನಾಟಕ 2024ರಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಬಣ್ಣವನ್ನು ನಿಷೇಧಿಸಿತು, ಮರುವರ್ಷ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ತಡೆಯಲು ಹೊರಟಿತು. ಎರಡೂ ಸರಿಯಾದ ಕ್ರಮಗಳೇ. ಆದರೆ ವಿಷ ಹೊಲದಲ್ಲೇ ಶುರುವಾಗುತ್ತದೆ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಕಾಸರಗೋಡಿನ ಹಳ್ಳಿಗಳೂ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡವೂ ಇಂದಿಗೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ 2011 ಬಂದಿತ್ತು. 2013ರ ಜುಲೈನಲ್ಲಿ ಬಿಹಾರದ ಛಪ್ರಾ ಬಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸೇರಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. 2024ರ ಏಪ್ರಿಲ್‌ನಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ಹಾಂಗ್‌ಕಾಂಗ್ ಮಾರಾಟ ನಿಲ್ಲಿಸಿತು. ಅದೇ ತಿಂಗಳು ಎಫ್‌ಎಸ್‌ಎಸ್‌ಎಐ ಮಸಾಲೆಗಳಲ್ಲಿ ಮಿತಿ ನಿಗದಿಯಾಗದ ಕೀಟನಾಶಕಗಳ ಉಳಿಕೆಗೆ ಕಿಲೋಗೆ 0.01 ಮಿಲಿಗ್ರಾಂ ಇದ್ದ ಮಿತಿಯನ್ನು 0.1ಕ್ಕೆ, ಅಂದರೆ ಹತ್ತು ಪಟ್ಟಿಗೆ ಸಡಿಲಿಸಿತ್ತು. ರಫ್ತಾಗುವ ಮೆಣಸಿನಕಾಯಿಗೆ ವಿದೇಶಿ ಬಂದರಿನಲ್ಲಿ ಸಿಗುವ ಪರೀಕ್ಷೆ ಬ್ಯಾಡಗಿಯ ಪಕ್ಕದೂರಿನ ಅಡುಗೆಮನೆಗೂ ಸಿಗಬೇಕು. ಪರೀಕ್ಷಾಲಯ, ನಿರೀಕ್ಷಕರು, ಕೀಟನಾಶಕ ಮಾರುವ ಅಂಗಡಿಯ ಮೇಲೆ ಕೃಷಿ ಇಲಾಖೆಯ ನಿಗಾ ಇವೆಲ್ಲ ಒಂದೇ ಕಡತದಲ್ಲಿ ಇಲ್ಲದಿದ್ದರೆ ಆ ಸುರಕ್ಷತೆ ಹೆಸರಿಗಷ್ಟೇ ಉಳಿಯುತ್ತದೆ.

ದಾರಿ ಇಲ್ಲವೆಂದಲ್ಲ. ಒಡಿಶಾ 2017ರಲ್ಲಿ ಶುರುಮಾಡಿದ ಸಿರಿಧಾನ್ಯ ಯೋಜನೆ ಆದಿವಾಸಿ ಜಿಲ್ಲೆಗಳಲ್ಲಿ ರಾಗಿ ಕೊಂಡು, ಅಲ್ಲಿನ ಪಡಿತರಕ್ಕೆ ಕೊಟ್ಟು, ಕೆಲವು ಜಿಲ್ಲೆಗಳ ಅಂಗನವಾಡಿ ಮಕ್ಕಳಿಗೆ ರಾಗಿ ಲಡ್ಡು ಮಾಡಿಸಿತು. ಬೆಳೆಯುವವನೂ ಉಣ್ಣುವ ಮಗುವೂ ಒಂದೇ ಸೀಮೆಯವರು. ಕರ್ನಾಟಕದ ಪಡಿತರದಲ್ಲೂ ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕ್ರಮ ಇದೆ. ಅದು ಕೆಲವು ತಿಂಗಳು ಬಂದು ಕೆಲವು ತಿಂಗಳು ನಿಲ್ಲುವಂತಿರಬಾರದು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದ ಮಗುವಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಮೊದಲ ದಿನದಿಂದಲೇ ಇತ್ತು. ತಿನ್ನುವ ಮಗುವಿನ ತಟ್ಟೆಯಿಂದ ಮೊಟ್ಟೆ ಎತ್ತುವ ಅಧಿಕಾರ ಯಾರಿಗೂ ಇಲ್ಲ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡುವ ತೀರ್ಮಾನವನ್ನು ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆ ಬೇಳೆ ಟೆಂಡರಿನಲ್ಲಿ ಬಂದರಿನಿಂದ ಬರದೆ ಕಲಬುರಗಿ, ವಿಜಯಪುರ, ಬೀದರಿನ ರೈತರಿಂದ ಬೆಂಬಲ ಬೆಲೆಗೇ ಬರಬೇಕು.

ಜನ ಅಕ್ಕಿಯನ್ನೇ ಕೇಳುತ್ತಾರೆ ಎಂಬುದು ಕೊನೆಯ ಆಕ್ಷೇಪ. ಎರಡು ತಲೆಮಾರು ಅಕ್ಕಿಯನ್ನೇ ಅಗ್ಗವಾಗಿ ಕೊಟ್ಟ ಮೇಲೆ ಕೇಳುವುದು ಸಹಜ. ಯಾರ ಅಕ್ಕಿಯನ್ನೂ ಕಿತ್ತುಕೊಳ್ಳಬೇಕಿಲ್ಲ, ಜೊತೆಗೆ ಬೇರೆಯದನ್ನೂ ಕೊಡಬೇಕು. ಕಾಯ್ದೆಗೆ ಇದಕ್ಕಾಗಿ ತಿದ್ದುಪಡಿಯೂ ಬೇಕಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿ, ಗೋಧಿಯ ಜೊತೆ ಒರಟು ಧಾನ್ಯಗಳ ಹೆಸರಿದೆ. ಬೇಕಾದುದು ಇಷ್ಟು: ಯಾವ ಜಿಲ್ಲೆಯಲ್ಲಿ ಯಾವ ಧಾನ್ಯ, ಯಾವ ಕಾಳು ಎಷ್ಟು ಕೊಳ್ಳಲಾಗುವುದೆಂದು ಮುಂಗಾರು ಬಿತ್ತನೆಗೆ ಮೊದಲೇ ಪ್ರಕಟಣೆ. ತಲಾ ಮಿತಿ ಇಲ್ಲದ ನೋಂದಣಿ. ಆ ಖರೀದಿಯಲ್ಲಿ ಬಿಸಿಯೂಟ, ಅಂಗನವಾಡಿ, ವಿದ್ಯಾರ್ಥಿನಿಲಯಗಳಿಗೆ ಮೊದಲ ಹಕ್ಕು. ಕೃಷಿ, ಆಹಾರ, ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಸಚಿವಾಲಯಗಳೂ ಎಲ್ಲ ರಾಜ್ಯಗಳೂ ಕೂರುವ ಒಂದು ಆಹಾರ ಮಂಡಳಿ, ಮತ್ತು ರೈತನಿಗೆ ಸಿಕ್ಕ ಬೆಲೆ, ಮಕ್ಕಳ ಬೆಳವಣಿಗೆ, ಪರೀಕ್ಷೆಯಲ್ಲಿ ಸೋತ ಮಾದರಿಗಳ ಲೆಕ್ಕವನ್ನು ಅದು ಪ್ರತಿ ವರ್ಷ ಬಜೆಟ್ ಅಧಿವೇಶನದಲ್ಲಿ ಸಂಸತ್ತಿನ ಮುಂದಿಡುವ ಕಡ್ಡಾಯ ನಿಯಮ.