ಮಲ್ಲಯ್ಯನ ಗುಡ್ಡದಲ್ಲಿ ಮಾಸ್ತರರಿಲ್ಲ

ಇತ್ತೀಚೆಗೆ ಬೈಲಹೊಂಗಲದ ಒಂದು ಕಾಲೇಜಿನ ಸಮಾರಂಭಕ್ಕೆ ಹೋಗಿದ್ದೆ. ಅತಿಥಿಯಾಗಿ ಬಂದಿದ್ದವರು ವ್ಯಕ್ತಿತ್ವ ವಿಕಸನದ ಭಾಷಣಕಾರರು. ಪರದೆಯ ಮೇಲೆ ಹಿಮದ ಬೆಟ್ಟವೊಂದರ ಚಿತ್ರ ಮೂಡಿಸಿ ‘ಯಾತ್ರೆ ಕಲಿಸುವ ಏಳು ಪಾಠಗಳು’ ಎಂದು ಶುರು ಮಾಡಿದರು. ತಾಳ್ಮೆ, ಶಿಸ್ತು, ಗುರಿ ಎಂದು ಒಂದೊಂದೇ ಇಳಿಯುತ್ತ ಬಂದವು. ಏಳನೆಯದು ‘ನಿನ್ನನ್ನು ನೀನು ಗೆಲ್ಲು’. ಹುಡುಗರು ಚಪ್ಪಾಳೆ ಹೊಡೆದರು. ನನ್ನ ಮಗ್ಗಲಿಗೆ ಕೂತಿದ್ದ ಹಿರಿಯರೊಬ್ಬರು ಹದಿನೆಂಟು ಸಲ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು. ನನ್ನ ಕಿವಿಗೆ ಬಾಗಿ ಕೇಳಿದರು: “ಮಾಸ್ತರ, ಹದಿನೆಂಟ ಸಲಾ ಹೋಗೇನಿ. ಇದರಾಗಿಂದು ನನಗ ಒಂದೂ ಬರಲಿಲ್ಲಲ್ಲ, ನಾ ನಪಾಸ ಏನು?”

ಅವರಿಗೆ ಅಲ್ಲೇ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ. ಬೆಟ್ಟ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಕಾಲಿನ ನೋವೂ ಕಲಿಸುವುದಿಲ್ಲ. ಕಷ್ಟಪಟ್ಟವನೆಲ್ಲ ಕಲಿತವನು ಎಂಬ ನಂಬಿಕೆ ಕಷ್ಟ ಪಡದವರು ಕಟ್ಟಿದ್ದು.

ಮೊದಲು ಹಾದಿಯ ಸಂಗತಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಿಂದ ಪ್ರತಿ ವರ್ಷ ಫಾಲ್ಗುಣದಲ್ಲಿ ಜನ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ಕಂಬಿಯನ್ನು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ಹೊರಡುತ್ತಾರೆ. ಸುಮಾರು 500 ಕಿಲೋಮೀಟರು, ಹನ್ನೆರಡರಿಂದ ಹದಿನೈದು ದಿನ. ಯುಗಾದಿಯ ಹೊತ್ತಿಗೆ ಮುಟ್ಟಬೇಕು. ಬಾಗಲಕೋಟೆ, ರಾಯಚೂರು, ಕರ್ನೂಲು ದಾಟಿ ಆತ್ಮಕೂರಿನ ಆಚೆ ವೆಂಕಟಾಪುರದ ಬಳಿ ನಲ್ಲಮಲ ಕಾಡು ಹಿಡಿಯುತ್ತದೆ. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನ ಕೊಳ್ಳ. ಅಲ್ಲಿ ಇಳಿದಷ್ಟನ್ನೂ ಮತ್ತೆ ಏರಬೇಕು. ಏರಿದ ಮೇಲೆ ಕೈಲಾಸ ದ್ವಾರ. ಮಾರ್ಚಿನ ಬಿಸಿಲು, ಎಲೆ ಉದುರಿದ ಮರ, ಕಾದ ಕಲ್ಲು. ಇದನ್ನೇ ಹರಕೆಯ ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ.

ಇವರು ಯಾಕೆ ಹೋಗುತ್ತಾರೆ ಎಂದು ಕೇಳಿ ನೋಡಿ. ತಾಳ್ಮೆ ಕಲಿಯಲು ಎಂದು ಒಬ್ಬನೂ ಹೇಳುವುದಿಲ್ಲ. ನಮ್ಮ ಕಡೆಯವರ ಲೆಕ್ಕದಲ್ಲಿ ಅಲ್ಲಿಯ ದೇವಿ ಭ್ರಮರಾಂಬೆ ಕನ್ನಡ ನೆಲದ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ಸೀರೆ, ಕುಬಸ, ಅರಿಷಿಣ-ಕುಂಕುಮ ಒಯ್ದು ಉಡಿ ತುಂಬಿ ಬರಬೇಕು, ಅಷ್ಟೇ. (ಆ ಕಾಡಿನ ಚೆಂಚುಗಳೂ ಮಲ್ಲಯ್ಯ ತಮ್ಮ ಅಳಿಯ ಎನ್ನುತ್ತಾರೆ. ಎರಡು ಬೀಗರ ನಡುವೆ ಈವರೆಗೆ ವ್ಯಾಜ್ಯ ಬಂದಿಲ್ಲ.) ಮಗಳ ಮನೆಗೆ ಹೊರಟ ತಂದೆಯನ್ನು ನಿಲ್ಲಿಸಿ ‘ಈ ಪ್ರಯಾಣದಿಂದ ನೀವೇನು ಕಲಿತಿರಿ’ ಎಂದು ಕೇಳಿದರೆ ಅವನು ನಮ್ಮ ಮುಖ ನೋಡುತ್ತಾನೆ. ತಿರುಗಿ ಬಂದವರನ್ನು ಊರಲ್ಲಿ ಕೇಳುವುದು ಎರಡೇ ಮಾತು: “ದರ್ಶನ ಚಲೋ ಆತೇನು? ಹಾದ್ಯಾಗ ಯಾರಿಗೂ ಏನೂ ಆಗಲಿಲ್ಲಲ್ಲ?”

ಯಾತ್ರೆಯನ್ನು ಪಾಠವಾಗಿಸಿದ ಕೂಡಲೇ ಅದರ ಮುಖ ದೇವರಿಂದಲೂ ಹಾದಿಯ ಜನರಿಂದಲೂ ತಿರುಗಿ ನನ್ನ ಕಡೆಗೇ ನಿಲ್ಲುತ್ತದೆ. ನನ್ನ ತಾಳ್ಮೆ ಎಷ್ಟು ಬೆಳೆಯಿತು, ನಾನು ಎಷ್ಟು ಗಟ್ಟಿಯಾದೆ ಎಂಬುದೇ ಲೆಕ್ಕ. ಸ್ಪೇನಿನ ಸಾಂತಿಯಾಗೊ ಯಾತ್ರೆಯಲ್ಲಿ ಕೊನೆಯ 100 ಕಿಲೋಮೀಟರು ನಡೆದವರಿಗೆ ಪ್ರಮಾಣಪತ್ರ ಕೊಡುವ ರೂಢಿಯಿದೆ. ನಮ್ಮಲ್ಲಿ ಇನ್ನೂ ಅದು ಬಂದಿಲ್ಲ; ಭಾಷಣಕಾರರು ಮನಸ್ಸು ಮಾಡಿದರೆ ಬಂದೀತು. ಇನ್ನು ನಡಿಗೆಯಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎನ್ನುವವರಿಗೆ ಊರ ಹೊರಗಿನ ಕೆರೆ ಏರಿಯೇ ಸಾಕು.

ಆದರೆ ಹಗುರಾಗಿ ತಳ್ಳಿಹಾಕಲಾಗದ ಒಂದು ವಾದವಿದೆ. ಹೊಟ್ಟೆ ತುಂಬಿದವನಿಗೆ ಹಸಿವು ಗೊತ್ತಿಲ್ಲ, ಜೀಪಿನಲ್ಲಿ ತಿರುಗುವವನಿಗೆ ಬರಿಗಾಲು ಗೊತ್ತಿಲ್ಲ, ಹದಿನೈದು ದಿನ ನೆಲದ ಮೇಲೆ ಮಲಗಿದರೆ ಅವನ ಸೊಕ್ಕು ಮುರಿಯುತ್ತದೆ ಎಂಬುದು. ಇದರಲ್ಲಿ ನಿಜ ಇದೆ. ಐವತ್ತು ಎಕರೆಯ ಗೌಡರು ಕೂಲಿಯವನ ಪಕ್ಕದಲ್ಲಿ ಟವೆಲ್ಲು ಹಾಸಿ ಮಲಗಿದ್ದನ್ನು ನಾನೇ ಕಂಡಿದ್ದೇನೆ. ಊರಿಗೆ ಬಂದ ಮೇಲೆ ಅದೇ ಗೌಡರು ಅದೇ ಕೂಲಿಯವನನ್ನು ಅಂಗಳದ ಹೊರಗೆ ನಿಲ್ಲಿಸಿ ಮಾತಾಡಿದ್ದನ್ನೂ ಕಂಡಿದ್ದೇನೆ. ಮುರಿದ ಸೊಕ್ಕು ಕೂಡಿಕೊಳ್ಳಲು ಹದಿನೈದು ದಿನವೂ ಬೇಡ. 2022ರ ಯುಗಾದಿಯ ಹೊಸ್ತಿಲಲ್ಲಿ ಶ್ರೀಶೈಲದಲ್ಲೇ ಏನಾಯಿತೆಂಬುದು ಪತ್ರಿಕೆಗಳಲ್ಲಿ ಬಂದಿದೆ. ನಮ್ಮ ಕಡೆಯ ಯಾತ್ರಿಕರಿಗೂ ಅಲ್ಲಿಯ ಅಂಗಡಿಯವರಿಗೂ ಜಗಳ ಹತ್ತಿ, ಬಾಗಲಕೋಟೆ ಜಿಲ್ಲೆಯ ಯುವಕನೊಬ್ಬ ಗಾಯಗೊಂಡ. ರಾತ್ರೋರಾತ್ರಿ ಅಂಗಡಿಗಳೂ ವಾಹನಗಳೂ ಪುಡಿಯಾದವು. ಯಾರದು ತಪ್ಪು ಎಂಬುದು ಬೇರೆ ಮಾತು. ನೂರಾರು ಕಿಲೋಮೀಟರು ನಡೆದು ಬೆಟ್ಟ ಹತ್ತಿದ ಕಾಲುಗಳೂ ಆ ರಾತ್ರಿ ಅಲ್ಲಿದ್ದವು. ತಾಳ್ಮೆಯ ಪಾಠ ಎಲ್ಲಿ ಹೋಗಿತ್ತು?

ಕಷ್ಟವೇ ಗುರು ಎಂದಾದರೆ ನಮ್ಮ ತಾಲೂಕಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳಷ್ಟು ವಿದ್ಯಾವಂತರು ಯಾರೂ ಇರಬಾರದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನ್ನಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ‘ಉಧೋ ಉಧೋ’ ಎನ್ನುತ್ತ ಏರುವ ಗುಡ್ಡ ಇದು. ಇದರ ಹೆಸರಿನಲ್ಲಿಯೇ ತಲೆತಲಾಂತರ ದಲಿತರ ಮನೆಯ ಹೆಣ್ಣುಕೂಸುಗಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸಿದರು. ಆ ಕೂಸುಗಳಿಗೆ ಗುಡ್ಡ ಯಾವ ಪಾಠ ಹೇಳಿತು? ಸಹನೆಯ ಪಾಠವೇ? ಸಹನೆಯನ್ನು ಅವರಿಗೆ ಕಲಿಸಿದವರು ಅದರಿಂದ ಲಾಭ ಪಡೆದವರು. ಬಿಡುಗಡೆ ಬಂದದ್ದು ಗುಡ್ಡದಿಂದಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆಯಿಂದ ಸ್ವಲ್ಪ, ಇದೇ ಬೆಳಗಾವಿ ಜಿಲ್ಲೆಯಲ್ಲಿ ಆ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಮುತ್ತು ಕಟ್ಟುವುದನ್ನು ತಡೆದದ್ದರಿಂದ ಬಹಳ. ಕಷ್ಟವನ್ನು ತಾನೇ ಆರಿಸಿಕೊಂಡು ಹದಿನೈದು ದಿನಕ್ಕೆ ಮುಗಿಸಿ ಮನೆಗೆ ಬರುವವನು ಮಾತ್ರ ಅದನ್ನು ಗುರು ಎಂದು ಕರೆಯಬಲ್ಲ.

ಇನ್ನೊಂದು ವಾದ ನನ್ನದೇ ಮನೆಯೊಳಗಿನದು. ನಮ್ಮಪ್ಪ ಶರಣರ ದಾರಿಯವರು. ಗುಡಿ, ಗುಡ್ಡ, ತೀರ್ಥ ಯಾವುದೂ ಅವರಿಗೆ ಬೇಕಿರಲಿಲ್ಲ. ಕೈಯೊಳಗಿನ ಲಿಂಗ ಬಿಟ್ಟು ಕಲ್ಲು ಹುಡುಕಿಕೊಂಡು ಆಂಧ್ರಕ್ಕೆ ಹೋಗಬೇಕೇ ಎಂದು ಕೇಳುತ್ತಿದ್ದರು. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ನಿಂತ ಬೆಟ್ಟವನ್ನು ಒಪ್ಪದ ಶರಣರು ನಡೆದಷ್ಟು ಯಾರು ನಡೆದಾರು? ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಕಲ್ಯಾಣ ಹೊತ್ತಿ ಉರಿದ ಮೇಲೆ ಚೆನ್ನಬಸವಣ್ಣನ ಬಳಗ ನಡೆದದ್ದು ನಮ್ಮ ನೆಲದ ಮೇಲೆಯೇ. ಕಿತ್ತೂರು ಸೀಮೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಅರಸನ ಸೈನ್ಯದೊಡನೆ ಕಾಳಗವಾಯಿತು ಎನ್ನುತ್ತದೆ ಐತಿಹ್ಯ. ಬಸವಣ್ಣನ ಮಡದಿ ಗಂಗಾಂಬಿಕೆ ಐಕ್ಯಳಾದ ಜಾಗ ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ನೀರಿನೊಳಗಿದೆ. ಉಳಿದವರು ಕಾಡು ಹೊಕ್ಕು ಉಳವಿ ಮುಟ್ಟಿದರು. ಇವತ್ತು ಮಾಘದಲ್ಲಿ ಎತ್ತುಗಳಿಗೆ ಜೂಲು ಹಾಕಿ, ಕೋಡಿಗೆ ಗೊಂಡೆ ಕಟ್ಟಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ತುಂಬಿಕೊಂಡು ಬೈಲಹೊಂಗಲ, ಕಿತ್ತೂರು ಕಡೆಯ ಚಕ್ಕಡಿಗಳು ಸಾಲುಗಟ್ಟಿ ಉಳವಿ ಘಟ್ಟ ಇಳಿಯುತ್ತವೆ. ನೋಡಲು ಎರಡು ಕಣ್ಣು ಸಾಲದು. ಆದರೆ ಆ ಹಾದಿಯನ್ನು ಮೊದಲು ತುಳಿದವರು ಜೀವ ಉಳಿಸಿಕೊಳ್ಳಲು, ವಚನದ ಕಟ್ಟು ಉಳಿಸಲು ಓಡಿದವರು. ಅವರಿಗೆ ಯಾವುದೋ ಹಳ್ಳಿಯ ಯಾರೋ ರೊಟ್ಟಿ ಕೊಟ್ಟಿರಲೇಬೇಕು, ಯಾರೋ ಹಿತ್ತಲ ಬಾಗಿಲು ತೆರೆದಿರಲೇಬೇಕು. ಸೈನ್ಯ ಹಿಂದಿರುವಾಗ ಬಾಗಿಲು ತೆರೆದವರ ಹೆಸರು ಯಾವ ಪುರಾಣದಲ್ಲೂ ಇಲ್ಲ. ನನಗೆ ಉಳವಿಯೆಂದರೆ ಆ ಬಾಗಿಲುಗಳೇ ನೆನಪಾಗುತ್ತವೆ.

ನಾನೂ ಒಮ್ಮೆ ಶ್ರೀಶೈಲಕ್ಕೆ ನಡೆದಿದ್ದೇನೆ, ಐವತ್ತೆರಡನೆಯ ವಯಸ್ಸಿನಲ್ಲಿ. ಎಂಟನೆಯ ದಿನ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಪೆಂಡಾಲು ಹಾಕಿದ್ದರು. ಬಲಗಾಲಿನ ಹಿಮ್ಮಡಿಗೆ ಲಿಂಬೆಕಾಯಿಯಷ್ಟು ಗುಳ್ಳೆ ಎದ್ದಿತ್ತು. ಒಬ್ಬ ಮುದುಕಿ ಬಂದಳು. ಹೊಲದ ಕೂಲಿಯಿಂದ ಸೀದಾ ಬಂದಂತಿದ್ದಳು, ಸೆರಗಿನ ತುಂಬ ಹುಲ್ಲಿನ ಕಡ್ಡಿ. ಬಿಸಿನೀರಿನ ಬೋಗುಣಿ ಇಟ್ಟು, ನನ್ನ ಕಾಲನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ನಾನು ಹಿಂದಕ್ಕೆ ಸೆಳೆದೆ. ತಾಯಿಯ ವಯಸ್ಸಿನವಳು ಕಾಲು ಮುಟ್ಟುವುದು ಒಂದು ಮುಜುಗರವಾದರೆ, ಮೂವತ್ತು ವರ್ಷ ಮಾಸ್ತರಕಿ ಮಾಡಿ ಕೊಡುವುದನ್ನೇ ರೂಢಿ ಮಾಡಿಕೊಂಡ ಕೈಗೆ ತೆಗೆದುಕೊಳ್ಳಲು ಬಾರದು ಎಂಬುದು ಇನ್ನೊಂದು.

“ಬ್ಯಾಡ ಯವ್ವಾ, ನಾ ಮಾಡ್ಕೋತೀನಿ,” ಎಂದೆ.

“ಸುಮ್ನಿರೋ ಯಪ್ಪಾ. ನನಗಂತೂ ಬರಾಕ ಆಗೂದಿಲ್ಲ, ಮನ್ಯಾಗ ಎಮ್ಮಿ ಐತಿ. ಇದರಾಗ ನನ್ನ ಪಾಲ ಐತಿ, ಕಾಲ ಬಿಡು.”

ಸೂಜಿಯನ್ನು ದೀಪಕ್ಕೆ ಹಿಡಿದು, ದಾರ ಪೋಣಿಸಿ, ಗುಳ್ಳೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿದಳು. ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸಿದಳು. ನೀರು ದಾರದ ಗುಂಟ ಇಳಿದು ಹೋಯಿತು. ಅರಿಷಿಣ ಎಣ್ಣೆ ಹಚ್ಚಿ, ಮುಂದಿನವನ ಕಾಲಿಗೆ ಹೋದಳು. ನನ್ನ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ನಾನೂ ಕೇಳಲಿಲ್ಲ, ಇದು ನನಗೆ ಈಗಲೂ ನಾಚಿಕೆ.

ಆ ಹದಿನಾಲ್ಕು ದಿನದಲ್ಲಿ ನನಗೆ ಏನಾದರೂ ದಕ್ಕಿದ್ದರೆ ಅಂದು ಕಾಲು ಬಿಟ್ಟುಕೊಟ್ಟದ್ದು. ಅದು ಬೆಟ್ಟದಲ್ಲಿ ಆದದ್ದಲ್ಲ. ಬೆಟ್ಟ ಇನ್ನೂ ಆರು ದಿನ ದೂರವಿತ್ತು. ಹಾಸಿದ ಬಯಲಿನಲ್ಲಿ, ತಗಡಿನ ಪೆಂಡಾಲಿನ ಕೆಳಗೆ ಆದದ್ದು. ನಮ್ಮ ಬಸವಭೂಮಿಯಲ್ಲಿ ದಾಸೋಹ ಮಾಡುವವನ ಹಿರಿಮೆ ಎಲ್ಲರಿಗೂ ಗೊತ್ತು. ಎದುರಿಗೆ ಕೈಯೊಡ್ಡುವವನೊಬ್ಬ ಇಲ್ಲದೆ ದಾಸೋಹವಾದರೂ ಹೇಗೆ ನಡೆದೀತು? ರಾಮದುರ್ಗದ ಸುರೇಬಾನದ ಹತ್ತಿರ ಶಬರಿ ಕೊಳ್ಳವಿದೆ. ಶಬರಿ ಕಾದು ಕೂತದ್ದು ಅಲ್ಲೇ ಎನ್ನುತ್ತಾರೆ ಆ ಕಡೆಯವರು. ಶಬರಿ ಕಚ್ಚಿ ನೋಡಿ ಬಾರಿ ಹಣ್ಣು ಕೊಟ್ಟಳು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅವಳ ಭಕ್ತಿ ದೊಡ್ಡದು. ನನಗೆ ರಾಮನ ಕೈ ದೊಡ್ಡದಾಗಿ ಕಾಣುತ್ತದೆ. ಅರಮನೆಯಲ್ಲಿ ಹುಟ್ಟಿದವನು ಕಾಡಿನ ಮುದುಕಿಯ ಎಂಜಲಿಗೆ ಕೈಯೊಡ್ಡಿದನಲ್ಲ.

ನಮ್ಮ ಕಾವ್ಯ ಪರಂಪರೆಯಲ್ಲೂ ಇದೇ ಕತೆ. ರಾಘವಾಂಕನ ‘ಸಿದ್ಧರಾಮ ಚರಿತ್ರೆ’ಯ ಹುಡುಗ ಶ್ರೀಶೈಲಕ್ಕೆ ಹೊರಟದ್ದು ಜ್ಞಾನ ಬೇಡಿಕೊಂಡಲ್ಲ. ಹೊಲದಲ್ಲಿ ಸಿಕ್ಕ ಮಲ್ಲಯ್ಯ ಹಸಿವೆಂದ. ಹುಡುಗ ಮನೆಗೆ ಓಡಿ ಮಜ್ಜಿಗೆ ಅನ್ನ ತಂದ. ಅಷ್ಟರಲ್ಲಿ ಮಲ್ಲಯ್ಯ ಇರಲಿಲ್ಲ. ಉಣ್ಣಬೇಕಾದವನನ್ನು ಹುಡುಕುತ್ತ ಹುಡುಗ ಬೆಟ್ಟದವರೆಗೆ ಹೋದ. ತಿರುಗಿ ಬಂದು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ. ಬೆಟ್ಟ ನನಗೇನು ಹೇಳಿತು ಎಂದು ಭಾಷಣ ಮಾಡುತ್ತ ಕೂರಲಿಲ್ಲ.

ಇನ್ನೂ ಒಬ್ಬನಿದ್ದಾನೆ. ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ, ಶ್ರೀಶೈಲದ ಏರಿಗೆ ಮೆಟ್ಟಿಲು ಕಟ್ಟಿಸಿದವನು. ನೋವೇ ಪಾಠವಾಗಿದ್ದರೆ ಈ ಅರಸ ಯಾತ್ರಿಕರ ಶಾಲೆಯನ್ನೇ ಕೆಡವಿದ ಪಾಪಿ! ಸಾವಿರಾರು ಜನರ ನೋವನ್ನು ಒಂದೊಂದು ಗೇಣು ಕಡಿಮೆ ಮಾಡಿಟ್ಟು ಹೋದ. ಬೆಟ್ಟವನ್ನು ನಿಜವಾಗಿ ಅರ್ಥ ಮಾಡಿಕೊಂಡವರು ಅದನ್ನು ಇನ್ನೊಬ್ಬರಿಗೆ ಸುಲಭ ಮಾಡಲು ನೋಡಿದರು. ಅದನ್ನು ಕಠಿಣವಾಗಿಯೇ ಇಟ್ಟು ಚಪ್ಪಾಳೆ ಗಿಟ್ಟಿಸುವುದು ನಮ್ಮ ಕಾಲದ ಉದ್ಯೋಗ.

ಆ ಹಿರಿಯರಿಗೆ ಹೇಳಬೇಕಾದದ್ದು ಇಷ್ಟು: ನೀವು ನಪಾಸಲ್ಲ. ನೀವು ಪರೀಕ್ಷೆಗೇ ಕೂತಿರಲಿಲ್ಲ. ಹದಿನೆಂಟು ಸಲ ಮಗಳನ್ನು ನೋಡಿ ಬಂದಿದ್ದೀರಿ.

ಓದುಗರಲ್ಲಿ ಒಂದು ವಿನಂತಿ. ಫಾಲ್ಗುಣ ಬಂದರೆ ಕಂಬಿಗಳು ನಿಮ್ಮ ಊರ ಮುಂದೆಯೇ ಹಾಯುತ್ತವೆ. ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ಬೇವಿನ ಮರ ಹೋದ ಕಡೆಗಳಲ್ಲಿ ಮೈಲುಗಟ್ಟಲೆ ನೆರಳಿಲ್ಲ. ನಾಲ್ಕು ಗಳ ನೆಟ್ಟು ತೆಂಗಿನ ಗರಿ ಹೊದಿಸಿ, ಒಂದು ಗಡಿಗೆ ನೀರು ಇಡಿ. ಪ್ಲಾಸ್ಟಿಕ್ ಬಾಟಲಿ ಕೊಡಬೇಡಿ, ಅವು ನಲ್ಲಮಲದ ಹುಲಿ ಕಾಡಿನವರೆಗೂ ಹೋಗಿ ಬೀಳುತ್ತವೆ. ಒಂದು ಸೂಜಿ, ಒಂದು ಉಂಡೆ ದಾರ ಇರಲಿ. ಗಡಿಗೆಗೆ ಹಸಿ ಗೋಣಿತಟ್ಟು ಸುತ್ತಿಡಿ. ಗುಂಪಿನಿಂದ ಹಿಂದೆ ಬಿದ್ದವರು, ಕುಂಟುವವರು ಮಧ್ಯಾಹ್ನ ಎರಡರ ಸುಮಾರಿಗೆ ಬರುತ್ತಾರೆ.