ದೂರವಾಣಿ ಯಂತ್ರದ ಖರೀದಿಯಲ್ಲಿ ಕನ್ನಡಕ್ಕೂ ಒಂದು ಸ್ಥಾನವಿರಲಿ

ತಾಮ್ರದ ತಂತಿಯ ದೂರವಾಣಿ ಸಂಪರ್ಕಗಳು ಫೈಬರಿಗೆ ಬದಲಾಗುತ್ತಿರುವಂತೆ ಶಾಲೆಗಳೂ ಸ್ಥಳೀಯ ಕಚೇರಿಗಳೂ ತಮ್ಮ ಹಳೆಯ ಇಪಿಎಬಿಎಕ್ಸ್ ಯಂತ್ರಗಳನ್ನು ಬದಲಿಸುವ ಅಥವಾ ವಿಸ್ತರಿಸುವ ಪ್ರಶ್ನೆಯನ್ನು ಎದುರಿಸುತ್ತಿವೆ. ಮೇಲ್ನೋಟಕ್ಕೆ ಇದು ದರಪಟ್ಟಿಯ ವಿಚಾರ. ಆದರೆ ಕಾಸರಗೋಡಿನಂತಹ ಗಡಿನಾಡಿನಲ್ಲಿ, ಕರೆ ಮಾಡುವ ಕನ್ನಡಿಗ ಹೆತ್ತವರಿಗೆ ಮೊದಲು ಕೇಳಿಸುವ ಧ್ವನಿ ಯಾವ ಭಾಷೆಯದೆಂಬುದನ್ನೂ ಈ ಖರೀದಿಯೇ ನಿರ್ಧರಿಸುತ್ತದೆ.

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವುದಕ್ಕೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಇವೆರಡೂ ಕಾಗದದ ಕಾಲದಲ್ಲಿ ರೂಪುಗೊಂಡವು. ಕರೆಗೆ ಯಂತ್ರವೇ ಉತ್ತರಿಸುವ ಇಂದಿನ ದಿನಗಳಲ್ಲಿ, ಖರೀದಿ ಆದೇಶದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಕನ್ನಡವು ತಾನಾಗಿ ಯಂತ್ರದೊಳಗೆ ಬಾರದು.

ವಾಯ್ಸ್‌ಮೇಲ್ ಘಟಕವನ್ನು ಮಾರುವವರು ಎಷ್ಟು ಗಂಟೆಗಳ ಧ್ವನಿಮುದ್ರಣ ಸಾಧ್ಯವೆಂದು ಹೇಳಿಕೊಳ್ಳುವುದುಂಟು. ಸಾಮಾನ್ಯ ದೂರವಾಣಿ ಗುಣಮಟ್ಟದ ಒಂದು ಗಂಟೆಯ ಧ್ವನಿಗೆ ಬೇಕಾಗುವುದು ಸುಮಾರು 29 ಎಂಬಿ ಸ್ಥಳ ಮಾತ್ರ. ಆದುದರಿಂದ ಅದು ಮುಖ್ಯವಲ್ಲ. ಏಕಕಾಲದಲ್ಲಿ ಎಷ್ಟು ಕರೆಗಳಿಗೆ ಉತ್ತರಿಸಬಲ್ಲದೆಂಬುದೇ ಮುಖ್ಯ. ಎರಡು ಚಾನೆಲ್‌ಗಳ ಕಾರ್ಡು ಇರುವಲ್ಲಿ, ಮಳೆಯ ದಿನ ರಜೆಯಿದೆಯೇ ಎಂದು ವಿಚಾರಿಸುವ ಮೂರನೆಯವರು ಕಾಯಲೇಬೇಕು.

ಎರಡನೆಯದು, ಯಂತ್ರದ ಸೂಚನಾವಾಕ್ಯಗಳನ್ನು ನಾವೇ ಮುದ್ರಿಸಿ ಸೇರಿಸಲು ಸಾಧ್ಯವೇ ಎಂಬುದು. ಸ್ವಾಗತವಾಕ್ಯವೊಂದನ್ನೇ ಬದಲಿಸಬಹುದಾದ ಯಂತ್ರ ಸಾಲದು. ‘ಕನ್ನಡಕ್ಕಾಗಿ ಒಂದನ್ನು ಒತ್ತಿರಿ’ ಎಂದ ಬಳಿಕ ಮುಂದಿನ ಸೂಚನೆಗಳೆಲ್ಲವೂ ಕನ್ನಡದಲ್ಲಿಯೇ ಬರಬೇಕಾದರೆ ಪ್ರತಿ ಭಾಷೆಗೂ ಪ್ರತ್ಯೇಕ ಧ್ವನಿಕಡತಗಳನ್ನು ಇರಿಸಿಕೊಳ್ಳುವ ವ್ಯವಸ್ಥೆ ಬೇಕು. ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದು ಸಾಧ್ಯ. ಸ್ಪಷ್ಟ ಉಚ್ಚಾರದ ಅಧ್ಯಾಪಿಕೆಯೊಬ್ಬರು ಸ್ವಲ್ಪ ಸಮಯ ನೀಡಿದರೆ ಶಾಲೆಗೆ ಬೇಕಾದ ವಾಕ್ಯಗಳನ್ನು ಮುದ್ರಿಸಿಕೊಳ್ಳಬಹುದು.

ವಿಸ್ತರಣೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಒಂದು ಕಂಪೆನಿಯ ಕಾರ್ಡು ಸಾಮಾನ್ಯವಾಗಿ ಇನ್ನೊಂದರ ಪೆಟ್ಟಿಗೆಗೆ ಹೊಂದುವುದಿಲ್ಲ. ಇಂದು ಎಂಟು ಎಕ್ಸ್‌ಟೆನ್ಶನ್ ಸಾಕೆನಿಸಿದರೂ ಖಾಲಿ ಸ್ಲಾಟ್‌ಗಳಿರುವ ಯಂತ್ರವೇ ಲೇಸು. ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಫೈಬರ್ ಸಂಪರ್ಕದಲ್ಲಿ ಹಾಗಲ್ಲ. ಆದುದರಿಂದ ಯುಪಿಎಸ್, ಸಿಡಿಲಿನಿಂದ ರಕ್ಷಿಸುವ ಉಪಕರಣ ಹಾಗೂ ಸರಿಯಾದ ಅರ್ತಿಂಗ್ ಇವುಗಳ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶಾಲಾ ವ್ಯವಸ್ಥಾಪಕರು ದರಪಟ್ಟಿ ಆಹ್ವಾನಿಸುವ ಮುನ್ನವೇ ಅಧ್ಯಾಪಕ-ರಕ್ಷಕ ಸಂಘಗಳು ಈ ಬೇಡಿಕೆಗಳನ್ನು ಲಿಖಿತವಾಗಿ ಮುಂದಿಡಲಿ. ಪಂಚಾಯತು ಕಚೇರಿಗಳ ಖರೀದಿಗೂ ಇದೇ ಮಾತು ಅನ್ವಯಿಸುತ್ತದೆ. ಯಂತ್ರ ಒಮ್ಮೆ ಬಂದರೆ ವರ್ಷಗಟ್ಟಲೆ ಉಳಿಯುವುದು. ಅದು ನಮ್ಮ ಮಕ್ಕಳ ಭಾಷೆಯಲ್ಲಿ ಉತ್ತರಿಸಬೇಕೆಂದು ಕೇಳಲು ತಕ್ಕ ಸಮಯ ಖರೀದಿಗೆ ಮೊದಲೇ ಹೊರತು ಅನಂತರವಲ್ಲ.